ಕೌಂಟರಿನ ಎರಡೂ ಬದಿ



ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಹಲವರ ಮನೆಯಲ್ಲಿ ಪಡಿತರ ಚೀಟಿ ಇದೆ. ಹಾಗಾಗಿ ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು ನಿಮಗೆ ಹೊಸದಲ್ಲ. ಅಜ್ಜಿಯೊಬ್ಬರು ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಆಗಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ತೋರುಬೆರಳು, ನಡುಬೆರಳು, ಆಮೇಲೆ ಎಡಗೈ. ಕಳೆ ಕಿತ್ತು, ಪಾತ್ರೆ ತಿಕ್ಕಿ, ಬೀಡಿ ಸುತ್ತಿ ಗೆರೆ ಸವೆದುಹೋದ ಬೆರಳುಗಳವು. ಹಿಂದೆ ನಿಂತವರು ಗೊಣಗುತ್ತಾರೆ. ‘ಸರ್ವರ್ ಸರಿ ಇಲ್ಲ, ನಾಳೆ ಬಾರವ್ವ’ ಎನ್ನುತ್ತಾನೆ ಅಂಗಡಿಯವನು. ನಾಳೆ ಬರಬೇಕಾದರೆ ಒಂದು ದಿನದ ಕೂಲಿ ಹೋಯಿತು.

ಪ್ರಜಾಪ್ರಭುತ್ವವನ್ನು ನಾನು ಅಳೆಯುವುದು ಇಂಥ ಸಾಲುಗಳಲ್ಲಿ. ಐದು ವರ್ಷಕ್ಕೊಮ್ಮೆ ಅದೇ ಅಜ್ಜಿಯ ಬೆರಳಿಗೆ ಶಾಯಿ ಹಚ್ಚಿ, ಆಕೆ ಯಾರಿಗೆ ಮತ ಹಾಕಿದಳೆಂಬ ಗುಟ್ಟನ್ನು ಕಾಪಾಡಲು ದೇಶ ಇಷ್ಟೆಲ್ಲ ಶ್ರಮಪಡುತ್ತದೆ. ಉಳಿದ ದಿನಗಳಲ್ಲಿ ಆಕೆಯ ಯಾವ ಗುಟ್ಟಿಗೂ ಬೆಲೆಯಿಲ್ಲ. ಅಕ್ಕಿಗೆ, ಪಿಂಚಣಿಗೆ, ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಆಧಾರ್, ಫೋನ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಜಾತಿ, ಆದಾಯ ಎಲ್ಲವನ್ನೂ ಕೌಂಟರಿನ ಮೇಲೆ ಹರವಬೇಕು. ಉಳ್ಳವರಿಗೆ ಸರ್ಕಾರದ ಬಾಗಿಲು ತಟ್ಟುವ ಅಗತ್ಯ ಕಡಿಮೆ, ಹಾಗಾಗಿ ಅವರು ತೆರೆದಿಡಬೇಕಾದದ್ದೂ ಕಡಿಮೆ. ಈ ಅಸಮಾನತೆ ನನ್ನನ್ನು ಕಾಡುತ್ತದೆ.

ಖಾಸಗಿತನ ಎಂಬುದು ಅನುಕೂಲಸ್ಥರ ಚಿಂತೆ, ಹಸಿದವರಿಗೆ ಅದೇಕೆ ಎಂಬ ವಾದ ಸುಪ್ರೀಂ ಕೋರ್ಟಿನ ಮುಂದೂ ಬಂದಿತ್ತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, 86ರ ವಯಸ್ಸಿನಲ್ಲಿ, ಶಾಸನದ ಬಲವೇ ಇಲ್ಲದೆ ಆಧಾರ್‌ಗಾಗಿ ಜನರ ಬೆರಳಚ್ಚು ಸಂಗ್ರಹಿಸುವುದು ಸರಿಯೇ ಎಂದು ಅವರು ಕೇಳಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಬಡವರಿಗೆ ಅದು ಬೇಡ ಎಂಬ ವಾದವನ್ನು ತಳ್ಳಿಹಾಕಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧಿತರಿಗೆ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿದ್ದ ತೀರ್ಪನ್ನೂ ಅಂದೇ ರದ್ದುಮಾಡಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಖಾಸಗಿತನದ ತೀರ್ಪಿನ ಮರುವರ್ಷ ಬಂದ ಆಧಾರ್ ತೀರ್ಪು ಬ್ಯಾಂಕ್ ಖಾತೆಗೂ ಮೊಬೈಲ್‌ಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಪಡಿತರ, ಸಹಾಯಧನಗಳಿಗೆ ಕಡ್ಡಾಯ ಮಾಡಬಹುದೆಂದು ಒಪ್ಪಿತು. ಅಲ್ಲಿಗೆ ಕೈಯಲ್ಲಿ ಮೊಬೈಲ್ ಇದ್ದವನಿಗೆ ಸಿಕ್ಕ ವಿನಾಯಿತಿ ಕೈಯಲ್ಲಿ ಚೀಲ ಹಿಡಿದವಳಿಗೆ ಸಿಗಲಿಲ್ಲ.

ಇದು ಬರೀ ತತ್ವದ ಮಾತಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದು ನೆನಪಿಸಿಕೊಳ್ಳಿ. ಆಸ್ತಿ ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ, ಜೊತೆಗೆ ಆಧಾರ್ ಸಂಖ್ಯೆಯೂ ಇರುತ್ತಿತ್ತು. ಆನ್‌ಲೈನಿನಲ್ಲಿ ಸಿಗುತ್ತಿದ್ದ ಆ ಪತ್ರಗಳಿಂದ ಕಳ್ಳರು ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ಹಣ ತೆಗೆದರು. ಒಟಿಪಿ ಬೇಡ, ಪಿನ್ ಬೇಡ, ಬೆರಳೊಂದೇ ಸಾಕಿತ್ತು. ಆಮೇಲೆ ಬೆರಳಚ್ಚು ಮರೆಮಾಡುವ ಕೆಲಸ ಶುರುವಾಯಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳು ಕಳುವಾದರೆ ಏನು ಮಾಡುತ್ತೀರಿ? ಇಂದು ಮನೆಗೆ ಹೋದ ಮೇಲೆ ನಿಮ್ಮ ಅಪ್ಪ ಅಮ್ಮನ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ. ಬೇಕಾದಾಗ ತೆರೆಯುವುದನ್ನೂ ಕಲಿಸಿ.

ತಂತ್ರಜ್ಞಾನವನ್ನು ನಾನು ದೂರುತ್ತಿಲ್ಲ. ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬರುವ ಮೊದಲು ಒಂದು ಪಹಣಿಗಾಗಿ ರೈತ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ಕಾಲ ಯಾರಿಗೂ ಮತ್ತೆ ಬರಬಾರದು. 2012ರಲ್ಲಿ ಬಂದ ಸಕಾಲ ಸೇವಾ ಖಾತರಿ ಯೋಜನೆಯಂತೂ ನನಗೆ ಬಹಳ ಪ್ರಿಯ. ಅರ್ಜಿ ಕೊಟ್ಟರೆ ಒಂದು ಸಂಖ್ಯೆ, ಇಷ್ಟು ದಿನದೊಳಗೆ ಕೆಲಸ ಎಂಬ ಮಾತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ತಪ್ಪಿತಸ್ಥ ನೌಕರನಿಂದ ವಸೂಲು. ಮೊತ್ತ ಚಿಕ್ಕದು. ಆದರೆ ಅಲ್ಲಿ ಕಂಪ್ಯೂಟರ್ ಕಣ್ಣಿಟ್ಟದ್ದು ಅಧಿಕಾರಿಯ ಮೇಜಿನ ಮೇಲೆ. ನಾನು ಬಯಸುವ ಆಡಳಿತ ಇದು: ಪ್ರಜೆಗೆ ಸರ್ಕಾರ ಕಾಣಬೇಕು, ಪ್ರಜೆಯ ಬದುಕಿನಲ್ಲಿ ಸರ್ಕಾರ ಅಗತ್ಯಕ್ಕಿಂತ ಹೆಚ್ಚು ಇಣುಕಬಾರದು.

ಈಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಒಂದಿಷ್ಟು ಕಡಿವಾಣ ಹಾಕುತ್ತದೆ, ಅದನ್ನು ಸ್ವಾಗತಿಸುತ್ತೇನೆ. ಆದರೆ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಗೆ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ವಿನಾಯಿತಿ ಕೊಡಬಹುದು. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ‘ವೈಯಕ್ತಿಕ ಮಾಹಿತಿ’ ಎಂದು ಅರ್ಜಿ ತಿರಸ್ಕರಿಸುವುದನ್ನು ಸುಲಭ ಮಾಡಿದೆ. ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿದ್ದ ರಾಜ್ಯ ನಮ್ಮದು. ಈ ತಿದ್ದುಪಡಿಯ ವಿರುದ್ಧ ಮೊದಲು ದನಿಯೆತ್ತಬೇಕಾದವರು ನಾವು.

ನಿಮ್ಮಲ್ಲಿ ಕೆಲವರು ನಾಳೆ ಕೌಂಟರಿನ ಆಚೆ ಕೂರುತ್ತೀರಿ. ಕೆಎಎಸ್ ಬರೆಯುತ್ತೀರಿ, ಬ್ಯಾಂಕ್ ಸೇರುತ್ತೀರಿ, ಇಂಥ ತಂತ್ರಾಂಶಗಳಿಗೆ ಕೋಡ್ ಬರೆಯುತ್ತೀರಿ. ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಸೇರಿಸುವ ಮುನ್ನ ಆ ಮಾಹಿತಿ ಯಾವ ಕೆಲಸಕ್ಕೆ, ಯಾರ ಕೈಗೆ, ಎಷ್ಟು ದಿನಕ್ಕೆ ಎಂದು ಬರೆದಿಡಿ. ಉತ್ತರ ಹೊಳೆಯದಿದ್ದರೆ ಆ ಕಾಲಂ ತೆಗೆಯಿರಿ. ಮೇಲಧಿಕಾರಿ ಒಪ್ಪದಿದ್ದರೆ ಕಡತದಲ್ಲಿ ನಿಮ್ಮ ಭಿನ್ನಾಭಿಪ್ರಾಯ ದಾಖಲಿಸಿ.

ಉಳಿದವರಿಗೆ ಒಂದು ಕೆಲಸ. ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಎಂಬ ಕಾರಣಕ್ಕೆ ಪಡಿತರ ನಿರಾಕರಿಸಬಾರದು, ದಾಖಲೆ ನೋಡಿ ಧಾನ್ಯ ಕೊಡಬೇಕು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಊರಿಗೆ ಹೋದಾಗ ನಿಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಆ ಸೂಚನೆ ಗೊತ್ತೇ ಎಂದು ವಿಚಾರಿಸಿ. ಗೊತ್ತಿಲ್ಲ ಎಂದರೆ ತಹಶೀಲ್ದಾರರಿಗೆ ಕನ್ನಡದಲ್ಲಿ ಒಂದು ಪತ್ರ ಬರೆಯಿರಿ, ಸ್ವೀಕೃತಿ ಪಡೆಯಿರಿ, ಉತ್ತರ ಬರುವವರೆಗೆ ಬಿಡಬೇಡಿ.