ಅರಿಯದೆ ಔಷಧ ಕೊಡುವವನ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಂಗಾತಿಗಳ ಮೇಲೂ ಶಾಂತಿ ಇರಲಿ.



ಕೆಲವು ತಿಂಗಳಿಂದ ಜುಮಾ ಮುಗಿಸಿ ಹೊರಬರುವಾಗ ಮಸೀದಿಯ ಗೇಟಿನಲ್ಲಿ ನಮ್ಮ ಕೈಗೆ ಕರಪತ್ರ ಬರುತ್ತಿದೆ. ಮೇಲೆ ಬಿಸ್ಮಿಲ್ಲಾಹ್. ಅದರ ಕೆಳಗೆ ಕರಿಜೀರಿಗೆಯ ಹದೀಸ್. ಅದರ ಕೆಳಗೆ ಒಂದು ಪಟ್ಟಿ: ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ, ಥೈರಾಯ್ಡ್, ಕ್ಯಾನ್ಸರ್, ಮಕ್ಕಳಾಗದಿರುವುದು. ಎಲ್ಲಕ್ಕೂ ನಲವತ್ತು ದಿನದ ಒಂದೇ ಕೋರ್ಸ್, ಜೊತೆಗೆ ಗ್ಯಾರಂಟಿ. ಕೊನೆಯಲ್ಲಿ ಮೊಬೈಲ್ ನಂಬರ್. ಹೆಸರಿನ ಹಿಂದೆ ಹಕೀಮ್ ಎಂದಿದೆ, ಮುಂದೆ ಯಾವ ಪದವಿಯೂ ಇಲ್ಲ. ಈ ಕರಪತ್ರದ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆ ಎಂಬುದೇ ಇಂದಿನ ವಿಷಯ.

ಚಿಕಿತ್ಸೆ ಪಡೆಯುವುದು ಸುನ್ನತ್. ಗ್ರಾಮೀಣ ಅರಬರು ಬಂದು, ನಾವು ಔಷಧ ಮಾಡಬಹುದೇ ಎಂದು ಕೇಳಿದಾಗ ಪ್ರವಾದಿ(ಸ)ರು ಮಾಡಿರಿ ಎಂದರು. ಮುಪ್ಪೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧ ಇಟ್ಟಿದ್ದಾನೆ ಎಂದು ತಿಳಿಸಿದರು. ಹಝ್ರತ್ ಉಬಯ್ಯ್ ಬಿನ್ ಕಅಬ್(ರ)ರಿಗೆ ಕಾಯಿಲೆಯಾದಾಗ ಅವರ ಬಳಿಗೆ ಒಬ್ಬ ವೈದ್ಯನನ್ನೇ ಕಳುಹಿಸಿದರು. ದುಆ ಸಾಕು, ವೈದ್ಯ ಬೇಡ ಎನ್ನಲಿಲ್ಲ.

ಇನ್ನೊಂದು ಹದೀಸ್ ನಮ್ಮ ಮಿಂಬರ್‌ಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅಬೂದಾವೂದ್, ನಸಾಈ, ಇಬ್ನು ಮಾಜಃ ಮೂವರೂ ಅದನ್ನು ವರದಿ ಮಾಡಿದ್ದಾರೆ. ವೈದ್ಯವಿದ್ಯೆ ಬಲ್ಲವನೆಂದು ಪರಿಚಿತನಲ್ಲದ ಒಬ್ಬನು ಚಿಕಿತ್ಸೆ ಮಾಡಿದರೆ, ಆಗುವ ಹಾನಿಗೆ ಅವನೇ ಝಾಮಿನ್, ಅಂದರೆ ಹೊಣೆಗಾರ ಎಂಬುದು ಅದರ ಸಾರ. ಅವನ ನಿಯ್ಯತ್ ಒಳ್ಳೆಯದಿತ್ತೇ ಎಂದು ಇಲ್ಲಿ ಕೇಳಿಲ್ಲ. ಕಲಿತಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ.

ಹಝ್ರತ್ ಜಾಬಿರ್(ರ) ಹೇಳಿದ ಘಟನೆ ಇನ್ನೂ ಕಠಿಣವಾಗಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಗಿತ್ತು. ಅವರಿಗೆ ಗುಸ್ಲ್ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುವಾಗ ರಿಯಾಯಿತಿ ಇಲ್ಲ ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ಪ್ರವಾದಿ(ಸ)ರಿಗೆ ತಲುಪಿದಾಗ, ಅವರೇ ಆತನನ್ನು ಕೊಂದರು ಎಂದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂದು ಗದರಿದರು. ಆ ಜೊತೆಗಾರರು ಹಣಕ್ಕಾಗಿ ಹೇಳಿರಲಿಲ್ಲ, ಮೋಸ ಮಾಡಲು ಹೇಳಿರಲಿಲ್ಲ. ದೀನ್‌ನ ಹೆಸರಿನಲ್ಲಿ, ತಿಳಿಯದ ವಿಷಯದಲ್ಲಿ ಧೈರ್ಯವಾಗಿ ಮಾತಾಡಿದರು, ಅಷ್ಟೇ. ಇಮಾಮರಿಗೂ ಮೌಲವಿಗಳಿಗೂ ಈ ಹದೀಸ್ ಮೊದಲು ಅನ್ವಯಿಸುತ್ತದೆ.

ಈಗ ಕರಿಜೀರಿಗೆಗೆ ಬರೋಣ. ಸಾವಿನ ಹೊರತು ಎಲ್ಲ ಕಾಯಿಲೆಗೂ ಅದರಲ್ಲಿ ಶಿಫಾ ಇದೆ ಎಂಬ ಹದೀಸ್ ಬುಖಾರಿಯಲ್ಲಿದೆ, ಅದು ಸಹೀಹ್. ನಾವು ಅದನ್ನು ನಂಬುತ್ತೇವೆ. ಆದರೆ ಅದರ ಅರ್ಥವನ್ನು ಕರಪತ್ರ ಮುದ್ರಿಸಿದವನಿಂದ ಕಲಿಯಬೇಕಾಗಿಲ್ಲ. ಮಾತು ಸಾಮಾನ್ಯವಾಗಿದ್ದರೂ ಉದ್ದೇಶ ನಿರ್ದಿಷ್ಟ ಬಗೆಯ ಕಾಯಿಲೆಗಳು ಎಂದು ಇಮಾಮ್ ಖತ್ತಾಬಿ ವಿವರಿಸಿದ್ದಾರೆ. ಇಬ್ನುಲ್ ಖಯ್ಯಿಮ್ ಒಂದು ಹೋಲಿಕೆ ಕೊಡುತ್ತಾರೆ: ಆದ್ ಜನಾಂಗದ ಮೇಲೆ ಬೀಸಿದ ಗಾಳಿ ಎಲ್ಲವನ್ನೂ ನಾಶಮಾಡಿತು ಎಂದು ಕುರ್‌ಆನ್ ಹೇಳುತ್ತದೆ, ಅದೇ ಆಯತ್‌ನಲ್ಲಿ ಅವರ ಮನೆಗಳು ಉಳಿದದ್ದನ್ನೂ ಹೇಳುತ್ತದೆ. 'ಎಲ್ಲ' ಎಂಬ ಪದಕ್ಕೂ ಸಂದರ್ಭ ಇರುತ್ತದೆ. ಇಂದಿನ ಕೆಲವು ಸಣ್ಣ ಅಧ್ಯಯನಗಳಲ್ಲಿ ಕರಿಜೀರಿಗೆ ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸಿದ್ದು ಕಂಡಿದೆ. ಸ್ವಲ್ಪ. ಕರಿಜೀರಿಗೆಯಲ್ಲಿ ಶಿಫಾ ಇದೆ ಎಂದವರು ಪ್ರವಾದಿ(ಸ)ರು. ಅದಕ್ಕಾಗಿ ಇನ್ಸುಲಿನ್ ನಿಲ್ಲಿಸು ಎಂದವನು ಹಕೀಮ. ಎರಡನೆಯ ಮಾತನ್ನು ಮೊದಲನೆಯದರ ಜೊತೆ ಒಂದೇ ಕಾಗದದಲ್ಲಿ ಹಾಕಿದರೆ ಅದು ಹದೀಸ್ ಆಗುವುದಿಲ್ಲ. ಪ್ರವಾದಿ(ಸ)ರು ಹೇಳದ್ದನ್ನು ಅವರ ಹೆಸರಿಗೆ ಹಚ್ಚುವವನ ಸ್ಥಾನ ಯಾವುದೆಂದು ಚಿಕ್ಕ ಮದ್ರಸದ ಮಕ್ಕಳಿಗೂ ಗೊತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಜಮಾಅತ್‌ನ ಒಂದು ಮನೆಯಲ್ಲಿ ಹದಿಮೂರು ವರ್ಷದ ಹೆಣ್ಣುಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ಈ ಕಾಯಿಲೆಯಲ್ಲಿ ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಹುಪಾಲು ನಿಲ್ಲಿಸಿರುತ್ತದೆ. ಹೊರಗಿನಿಂದ ಕೊಡದಿದ್ದರೆ ರಕ್ತ ಆಮ್ಲೀಯವಾಗಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಸೂಜಿ ಚುಚ್ಚುವಾಗ ಮಗಳು ಅಳುವುದನ್ನು ನೋಡಲಾಗದೆ ತಾಯಿ ಆ ಕೋರ್ಸ್ ತರಿಸಿದರು. ಮೊದಲು ಸೂಜಿ ಬಿಡಿ, ಎರಡೂ ಸೇರಿದರೆ ಮದ್ದು ಹತ್ತುವುದಿಲ್ಲ ಎಂದು ಫೋನಿನಲ್ಲಿ ಹೇಳಲಾಯಿತು. ಮೂರನೆಯ ದಿನ ವಾಂತಿ, ಹೊಟ್ಟೆನೋವು, ಏದುಸಿರು. ವಿಷ ಹೊರಗೆ ಹೋಗುತ್ತಿದೆ, ಗಾಬರಿಯಾಗಬೇಡಿ ಎಂಬ ಉತ್ತರ ಬಂತು. ಚಿಕ್ಕಪ್ಪ ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದ್ದರಿಂದ ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆ ತಾಯಿಯನ್ನು ಯಾರೂ ದೂರಬೇಡಿ. ದೂರಬೇಕಾದ ಮನುಷ್ಯನ ನಂಬರ್ ಆ ವಾರದಿಂದ ಸ್ವಿಚ್ ಆಫ್.

ಇಂಥವರ ಔಷಧದಿಂದ ಗುಣವಾದವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಕಾಮಾಲೆಯನ್ನೇ ನೋಡಿ. ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕ ಮಂದಿಗೆ ವಿಶ್ರಾಂತಿಯಿಂದಲೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಸೊಪ್ಪಿನ ರಸ ಕುಡಿದಿದ್ದರೆ ಹೆಸರು ರಸಕ್ಕೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಗಡ್ಡೆ ಬೆಳೆದರೂ ಕಣ್ಣು ಹಳದಿಯಾಗುತ್ತದೆ. ಅವರಿಗೆ ಆ ರಸ ಕುಡಿದ ವಾರಗಳು ಕಳೆದುಹೋದ ವಾರಗಳು. ಮಂಡಿನೋವಿನ ಪುಡಿಯದು ಬೇರೆ ಕಥೆ. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ತಿಂಗಳೊಳಗೆ ಮುಖ ಊದಿಕೊಳ್ಳುತ್ತದೆ. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಪುಡಿಯ ಪೊಟ್ಟಣವನ್ನೇ ವೈದ್ಯರ ಬಳಿ ಒಯ್ದು ತೋರಿಸಿ.

ಮಾತಿನ ಮಧ್ಯೆ ತಾಯಂದಿರಿಗೆ ಒಂದು ವಿಷಯ. ಹುಟ್ಟಿದ ಮಗುವಿನ ತಹ್ನೀಕ್‌ಗೆ ಜೇನು ಬೇಡ. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಜೇನಿನೊಳಗಿನ ಕೆಲವು ಸೂಕ್ಷ್ಮಾಣುಗಳು ವಿಷ ಉಂಟುಮಾಡಬಲ್ಲವು. ಪ್ರವಾದಿ(ಸ)ರು ತಹ್ನೀಕ್ ಮಾಡಿದ್ದು ಖರ್ಜೂರದಿಂದ. ಶುದ್ಧ ಕೈಯಿಂದ ಅದರ ರಸ ಒಂದಿಷ್ಟು ಸವರಿದರೆ ಸುನ್ನತ್ ಆಯಿತು.

ಯುನಾನಿಯನ್ನಾಗಲಿ ಹಿಜಾಮಾವನ್ನಾಗಲಿ ನಾನು ಹೀಗಳೆಯುತ್ತಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಬಿ.ಯು.ಎಂ.ಎಸ್. ಓದಲು ಐದೂವರೆ ವರ್ಷ ಬೇಕು. ಅಷ್ಟು ಓದಿ ನೋಂದಣಿ ಮಾಡಿಸಿಕೊಂಡ ಹಕೀಮರು ಕ್ಯಾನ್ಸರ್‌ಗೆ ಗ್ಯಾರಂಟಿ ಕೊಡುವುದಿಲ್ಲ. ಇನ್ಸುಲಿನ್ ಬಿಡಿ ಎಂದೂ ಹೇಳುವುದಿಲ್ಲ. ಕರಪತ್ರದವನಿಂದ ಹೆಚ್ಚು ಹೆಸರು ಕೆಡುವುದು ಇವರದೇ. ಹಿಜಾಮಾ ಮಾಡಿಸುವವರು ಬ್ಲೇಡ್ ಹೊಸದೇ, ಕಪ್ಪುಗಳನ್ನು ಇನ್ನೊಬ್ಬರಿಗೆ ಬಳಸಿಲ್ಲವೇ, ಗ್ಲೌಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಮೂಲಕ ಹರಡುತ್ತವೆ.

ಕೇಳುವುದು ಅದಬ್‌ಗೆ ವಿರುದ್ಧ ಎಂದು ಭಾವಿಸಬೇಡಿ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತಾಗ ಖಲೀಫಾ ಮುಖ್ತದಿರ್ ಊರಿನ ವೈದ್ಯರಿಗೆಲ್ಲ ಪರೀಕ್ಷೆ ಇಡಿಸಿದರು. ಪರೀಕ್ಷಕರು ಸಿನಾನ್ ಬಿನ್ ಸಾಬಿತ್, ಕುಳಿತವರು 860ಕ್ಕೂ ಹೆಚ್ಚು ಮಂದಿ. ಅವರಲ್ಲಿ ಒಬ್ಬ ಗೌರವಸ್ಥ ಮುದುಕ, ತನಗೆ ಸರಿಯಾಗಿ ಓದು ಬರಹ ಬಾರದು, ಸಂಸಾರ ನಡೆಯುವುದು ಇದರಿಂದಲೇ ಎಂದು ಒಪ್ಪಿಕೊಂಡ. ಸಿನಾನ್ ನಕ್ಕು ಬಿಟ್ಟರು, ಆದರೆ ಷರತ್ತು ಹಾಕಿದರು: ತಿಳಿಯದ ಕಾಯಿಲೆಗೆ ಕೈಹಾಕಬಾರದು, ರಕ್ತ ತೆಗೆಸಲು ಹೇಳಬಾರದು, ಬಲವಾದ ಭೇದಿ ಮದ್ದು ಕೊಡಬಾರದು. ಮುದುಕ ಹೇಳಿದನಂತೆ, ಜನ್ಮವಿಡೀ ನನ್ನ ದಾರಿ ಅದೇ, ಜೇನು ಸಿರ್ಕಾದ ಪಾನಕ ಮತ್ತು ಗುಲಾಬಿ ಶರಬತ್ತು ದಾಟಿ ಹೋಗಿಲ್ಲ. ನಮ್ಮ ಗೇಟಿನ ಹಕೀಮರು ಶರಬತ್ತಿಗೆ ನಿಂತಿದ್ದರೆ ಈ ಖುತ್ಬಾ ಬೇಕಾಗಿರಲಿಲ್ಲ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿ 54 ಕಾಯಿಲೆಗಳನ್ನು ಹೆಸರಿಸಿ, ಅವುಗಳನ್ನು ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸಿದೆ. ತಾಯಿತದ ಜಾಹೀರಾತೂ ಅದರೊಳಗೆ ಬರುತ್ತದೆ. ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆ. ಆ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ದೆಹಲಿಯ ಹಮ್‌ದರ್ದ್ ದವಾಖಾನೆಯೇ. ಕಾಯ್ದೆಯ ಕೆಲವು ಭಾಗಗಳನ್ನು ಕೋರ್ಟ್ ತೆಗೆದುಹಾಕಿದರೂ, ಇಂಥ ಜಾಹೀರಾತು ವಾಕ್ ಸ್ವಾತಂತ್ರ್ಯವಲ್ಲ ಎಂದು ಹೇಳಿ ಉಳಿದದ್ದನ್ನು ಎತ್ತಿಹಿಡಿಯಿತು. 2024ರಲ್ಲಿ ಪತಂಜಲಿ ಕಂಪನಿ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಿದಾಗ ಆ ಸುದ್ದಿಯನ್ನು ನಮ್ಮ ಗ್ರೂಪುಗಳಲ್ಲಿ ಎಷ್ಟು ಉತ್ಸಾಹದಿಂದ ಹಂಚಿದೆವು! ಅದೇ ಗ್ರೂಪುಗಳಲ್ಲಿ ಈ ನಲವತ್ತು ದಿನದ ಕೋರ್ಸೂ ಓಡಾಡುತ್ತಿದೆ. ಅಳತೆ ಎರಡಾಗಬಾರದು.

ಜನ ಇವರ ಬಳಿ ಹೋಗುವುದು ದಡ್ಡತನದಿಂದ ಎಂದು ನಾನು ಒಪ್ಪುವುದಿಲ್ಲ. ಸಾವಿರ ವರ್ಷದ ಹಿಂದೆಯೇ ಅಬೂಬಕರ್ ಅರ್‌ರಾಝಿ, ಜನ ನುರಿತ ವೈದ್ಯರನ್ನು ಬಿಟ್ಟು ಢೋಂಗಿಗಳ ಬಳಿ ಏಕೆ ಹೋಗುತ್ತಾರೆ ಎಂಬ ಬಗ್ಗೆಯೇ ಬರೆದಿದ್ದರು. ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದರೆ ಎರಡು ನಿಮಿಷ ಸಿಗುತ್ತದೆ, ಬಿಲ್ ನೋಡಿ ಎದೆ ನಡುಗುತ್ತದೆ. ಹಕೀಮ ಕೈ ಹಿಡಿದು ಅರ್ಧ ಗಂಟೆ ಮಾತಾಡುತ್ತಾನೆ. ಹಾಗಾಗಿ ಬೈದರೆ ಸಾಲದು. ಸಕ್ಕರೆ, ಬಿ.ಪಿ. ಮಾತ್ರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಜನೌಷಧಿ ಅಂಗಡಿಯಲ್ಲಿ ಬೆಲೆ ಕಡಿಮೆ. ಇನ್ಸುಲಿನ್ ಕೊಳ್ಳಲಾಗದ ಬಡ ಮನೆಗಳಿಗೆ ಝಕಾತ್‌ನಿಂದ ಪ್ರತಿ ತಿಂಗಳು ಕೊಡಿಸಲು ಜಮಾಅತ್ ಕಮಿಟಿ ಒಪ್ಪಿದೆ. ಹೆಸರು ಗುಟ್ಟಾಗಿರುತ್ತದೆ, ಕಾರ್ಯದರ್ಶಿಯವರಿಗೆ ತಿಳಿಸಿ.

ಕಮಿಟಿ ಇನ್ನೊಂದು ತೀರ್ಮಾನವನ್ನೂ ಮಾಡಿದೆ. ನೋಂದಣಿ ಸಂಖ್ಯೆ ಇಲ್ಲದ ಯಾವ ಚಿಕಿತ್ಸೆಯ ಕರಪತ್ರವೂ ಇಂದಿನಿಂದ ಈ ಮಸೀದಿಯ ಫಲಕದಲ್ಲಿ ಇರುವುದಿಲ್ಲ, ಗೇಟಿನಲ್ಲಿ ಹಂಚಲೂ ಬಿಡುವುದಿಲ್ಲ. ಈಗಾಗಲೇ ಅಂಥ ಕೋರ್ಸ್ ಆರಂಭಿಸಿ ಡಾಕ್ಟರ ಮಾತ್ರೆ ಬಿಟ್ಟವರು ಇಲ್ಲಿ ಕುಳಿತಿದ್ದರೆ, ನಲವತ್ತು ದಿನ ಮುಗಿಯಲಿ ಎಂದು ಕಾಯಬೇಡಿ. ಇವತ್ತೇ, ಅಸರ್‌ಗೆ ಮೊದಲೇ, ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ಸಂಪೂರ್ಣ ಶಿಫಾ ನೀಡು. ಆಮೀನ್.