ಹಳೆಯ ಗಣಕಯಂತ್ರ, ಹೊಸ ಆಟ: ಕೊರತೆ ಇರುವಲ್ಲಿ ಮಾತ್ರ ಗೊಬ್ಬರ



ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ಬಹುಕಾಲ ಸಂದಿದೆ. ಆದರೂ ಅಲ್ಲಿ ತಯಾರಾದ ಲೇಥ್‌ಗಳು ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಬೇರಿಂಗ್ ಸವೆದರೆ ಬೇರಿಂಗ್, ಮೋಟಾರು ಸುಟ್ಟರೆ ಮೋಟಾರು ಬದಲಾಗುತ್ತದೆಯೇ ಹೊರತು ಇಡೀ ಯಂತ್ರವನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಅದೇ ಊರಿನ ಮನೆಯಲ್ಲಿರುವ ಗಣಕಯಂತ್ರವಾದರೋ ಹತ್ತು ವರ್ಷ ತುಂಬಿದೊಡನೆ ಕೆಲಸಕ್ಕೆ ಬಾರದ್ದೆಂಬ ಹೆಸರು ಪಡೆಯುತ್ತದೆ. ಲೇಥಿಗೆ ಸಿಗುವ ನ್ಯಾಯ ಗಣಕಯಂತ್ರಕ್ಕೇಕೆ ಸಿಗಬಾರದು ಎಂಬುದೇ ಇಂದಿನ ವಿಚಾರ.

ಈ ಪ್ರಶ್ನೆ ಮನೆಗಳಲ್ಲಿ ಏಳುವುದು ಬಹುಮಟ್ಟಿಗೆ ಆಟದ ನೆಪದಿಂದ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹರಿಹರದ ಒಂದು ಮನೆಯಲ್ಲಿ 2013ರಲ್ಲಿ ಅಕ್ಕನ ಓದಿಗೆಂದು ಕೊಂಡ ಗಣಕಯಂತ್ರವಿದೆ: ಮೂರನೆಯ ತಲೆಮಾರಿನ ಇಂಟೆಲ್ ಕೋರ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಈಗ ಕಾಲೇಜು ಸೇರಿರುವ ತಮ್ಮನಿಗೆ 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಆಡುವಾಸೆ. ಯಂತ್ರ ಏದುಸಿರು ಬಿಡುತ್ತದೆ. ಮಗ ಹೊಸದನ್ನು ಕೇಳುತ್ತಾನೆ. ತಂದೆಯ ಕೈಯಲ್ಲಿ ಭತ್ತ ಮಾರಿದ ಹಣದಲ್ಲಿ ಉಳಿದದ್ದು ಕೆಲವೇ ಸಾವಿರ. ಸಾಲ ಮಾಡುವುದು ಒಂದು ದಾರಿ, ಗದರಿಸಿ ಸುಮ್ಮನಾಗಿಸುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ರೈತರಿಗೆ ಹೊಸದೇನಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಕಂಡುಕೊಂಡು, ಯೂಸ್ಟಸ್ ಫಾನ್ ಲೀಬಿಗ್ ಪ್ರಚುರಪಡಿಸಿದ ‘ಕನಿಷ್ಠದ ನಿಯಮ’ ಕೃಷಿವಿಜ್ಞಾನದ ಮೊದಲ ಪಾಠಗಳಲ್ಲೊಂದು. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವ ಪೋಷಕಾಂಶ. ಸತುವಿನ ಕೊರತೆಯಿರುವ ಗದ್ದೆಗೆ ಎಷ್ಟೇ ಯೂರಿಯಾ ಸುರಿದರೂ ಭತ್ತ ಚೇತರಿಸಿಕೊಳ್ಳದು. ಸ್ವಲ್ಪ ಸತುವಿನ ಸಲ್ಫೇಟ್ ಬಿದ್ದೊಡನೆ ಪೈರು ಹಸಿರಾಗುತ್ತದೆ. ಗಣಕಯಂತ್ರದ ನಡತೆಯೂ ಹೀಗೆಯೇ. ರ‍್ಯಾಮ್ ಸಾಲದ ಯಂತ್ರಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕುವುದು ಸತು ಬೇಕಾದ ಗದ್ದೆಗೆ ಯೂರಿಯಾ ಸುರಿದಂತೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ, ಆಮೇಲೆ ಗೊಬ್ಬರ.

ಈ ಪರೀಕ್ಷೆಗೆ ಖರ್ಚಿಲ್ಲ. ವಿಂಡೋಸ್‌ನಲ್ಲಿರುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಆಟವಾಡಬೇಕು. ರ‍್ಯಾಮ್, ಡಿಸ್ಕ್, ಪ್ರೊಸೆಸರ್, ಗ್ರಾಫಿಕ್ಸ್ ಇವುಗಳಲ್ಲಿ ಯಾವುದು ನೂರು ಪ್ರತಿಶತ ಮುಟ್ಟಿ ನಿಲ್ಲುತ್ತದೋ ಅಲ್ಲಿಯೇ ಕೊರತೆ. ಇನ್ನೊಂದು ಸರಳ ವಿಧಾನವೂ ಉಂಟು. ಆಟದೊಳಗೆ ಚಿತ್ರದ ರೆಸಲ್ಯೂಷನ್ ತಗ್ಗಿಸಿ ನೋಡಬೇಕು. ಆಟ ಚುರುಕಾದರೆ ಕೊರತೆ ಗ್ರಾಫಿಕ್ಸ್‌ನದು. ಏನೂ ವ್ಯತ್ಯಾಸವಾಗದಿದ್ದರೆ ಅದು ಬಹುತೇಕ ಪ್ರೊಸೆಸರಿನದು ಅಥವಾ ರ‍್ಯಾಮಿನದು.

ಹಣ ಬಿಚ್ಚುವ ಮುನ್ನ ಕ್ಯಾಬಿನೆಟ್ ಬಿಚ್ಚುವುದು ಒಳ್ಳೆಯದು. ಹರಿಹರದ ಬೇಸಿಗೆಯಲ್ಲಿ ಫ್ಯಾನಿಗೆ ಧೂಳು ಕಟ್ಟಿ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಯಂತ್ರ ಕಾಯುತ್ತದೆ. ಕಾದ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಮೆದು ಕುಂಚದಿಂದ ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿದಷ್ಟಕ್ಕೇ ಎಷ್ಟೋ ಯಂತ್ರಗಳು ಸುಧಾರಿಸುತ್ತವೆ.

ಮೊದಲ ಖರ್ಚು ರ‍್ಯಾಮಿನದು. ಮೇಲೆ ಹೇಳಿದ ಆಟದ ತಯಾರಕರು ಕನಿಷ್ಠ 8 ಜಿಬಿ ರ‍್ಯಾಮ್ ಹಾಗೂ ಡಿಸ್ಕಿನಲ್ಲಿ 85 ಜಿಬಿ ಜಾಗ ಬೇಕೆಂದಿದ್ದಾರೆ. 2013ರ ಯಂತ್ರಕ್ಕೆ ಹೊಂದುವುದು ಡಿಡಿಆರ್3 ರ‍್ಯಾಮ್ ಮಾತ್ರ. ಡಿಡಿಆರ್4 ಆ ಸ್ಲಾಟಿಗೆ ಕೂರುವುದೇ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಹೊಸ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಹೀಗಾಗಿ ಹಳೆಯ ಯಂತ್ರಗಳಿಂದ ತೆಗೆದ ಡಿಡಿಆರ್3 ರ‍್ಯಾಮನ್ನು ರಿಪೇರಿ ಅಂಗಡಿಗಳಲ್ಲಿ ವಿಚಾರಿಸುವುದೇ ಲೇಸು. 4 ಜಿಬಿಯ ಎರಡು ಸಮಾನ ತುಂಡುಗಳನ್ನು ಜೋಡಿಯಾಗಿ ಹಾಕಿದರೆ ಎರಡೂ ಒಟ್ಟಿಗೆ ದುಡಿಯುತ್ತವೆ. ಆಪರೇಟಿಂಗ್ ಸಿಸ್ಟಂ 64 ಬಿಟ್‌ನದಾಗಿರಬೇಕು. 32 ಬಿಟ್‌ನ ಸಾಮಾನ್ಯ ವಿಂಡೋಸ್‌ಗೆ 4 ಜಿಬಿಗಿಂತ ಹೆಚ್ಚಿನದನ್ನು ಬಳಸಲಾಗದು.

ಎರಡನೆಯದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಮೀರಿ ಓದಬಲ್ಲದು. ಇದರಿಂದ ಚಿತ್ರ ಸುಂದರವಾಗದು, ಆದರೆ ಯಂತ್ರ ಬೇಗ ಏಳುತ್ತದೆ, ಆಟ ಬೇಗ ತೆರೆದುಕೊಳ್ಳುತ್ತದೆ. ಓದಿನ ಕೆಲಸಕ್ಕೂ ಅತ್ಯಂತ ಉಪಯುಕ್ತವಾದ ಬದಲಾವಣೆಯಿದು. 256 ಜಿಬಿಯದು ಸಾಕು. ಹಳೆಯ ಡಿಸ್ಕನ್ನು ಚಿತ್ರ, ಹಾಡುಗಳಿಗೆ ಉಳಿಸಿಕೊಳ್ಳಬಹುದು.

ಮೂರನೆಯದು ಗ್ರಾಫಿಕ್ಸ್ ಕಾರ್ಡ್. ಉಳಿದ ಹಣದ ಬಹುಪಾಲು ಹೋಗುವುದು ಇಲ್ಲಿಗೇ. ಎಚ್ಚರಿಕೆ ಬೇಕಾದುದೂ ಇಲ್ಲಿಯೇ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್‌ನಷ್ಟು ವಿದ್ಯುತ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆಯೇ ತಂತಿ ಬೇಕು. ಎಸ್‌ಎಂಪಿಎಸ್‌ನ ಮೇಲೆ ದೊಡ್ಡಕ್ಷರದಲ್ಲಿ ಬರೆದ ವ್ಯಾಟನ್ನಷ್ಟೇ ನಂಬದೆ 12 ವೋಲ್ಟಿನ ಎದುರು ಬರೆದಿರುವ ಆಂಪಿಯರ್ ನೋಡಬೇಕು: 18 ಆಂಪಿಯರ್ ಇದ್ದರೆ 12ರಿಂದ ಗುಣಿಸಿದಾಗ ಸಿಗುವುದು 216 ವ್ಯಾಟ್ ಮಾತ್ರ. ಇಂಥ ಯಂತ್ರಕ್ಕೆ 75 ವ್ಯಾಟ್‌ನೊಳಗಿನ ಕಾರ್ಡೇ ಕ್ಷೇಮ. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650 ಈ ವರ್ಗದವು. 1650ರಲ್ಲಿ ಕೆಲವು ಮಾದರಿಗಳು ಪ್ರತ್ಯೇಕ ತಂತಿ ಬೇಡುತ್ತವೆ, ನೋಡಿ ಕೊಳ್ಳಬೇಕು. 1050 ಟಿಐಗೆ ಆಟಗಳ ಹೊಸ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿನ ನಂತರ ನಿಲ್ಲಿಸಿರುವುದರಿಂದ, ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ 1650 ಉತ್ತಮ.

ಬಳಸಿದ ಕಾರ್ಡ್ ಕೊಳ್ಳುವಾಗ ದಾವಣಗೆರೆಯಾಗಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಾಗಲಿ, ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಬೇಕು. ಹಳೆಯ ಚಿಪ್‌ಗೆ ಹೊಸ ಹೆಸರು ಬರೆದು ಮಾರುವವರೂ ಇರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಈ ಮೋಸವನ್ನು ಹಿಡಿಯಲು ನೆರವಾಗುತ್ತದೆ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುವಂತೆ ಇದು.

ಹಳೆಯ ಮಾನಿಟರನ್ನು ಬದಲಿಸುವ ಆತುರ ಬೇಡ. 1366×768ರ ಮಾನಿಟರಿನಲ್ಲಿರುವುದು ಸುಮಾರು 10.5 ಲಕ್ಷ ಚುಕ್ಕೆಗಳು, 1920×1080ರಲ್ಲಿ 20.7 ಲಕ್ಷ. ಸಣ್ಣ ಮಾನಿಟರಿಗೆ ಕಾರ್ಡ್ ಬಿಡಿಸಬೇಕಾದ ಚಿತ್ರ ಹೆಚ್ಚುಕಡಿಮೆ ಅರ್ಧ. ಬಡವನ ಮಾನಿಟರೇ ಇಲ್ಲಿ ಬಡವನಿಗೆ ಲಾಭ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮೂರನೆಯ ತಲೆಮಾರಿನ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗೆಂದು ಯಂತ್ರ ಸತ್ತಿತೆಂದು ತಿಳಿಯಬಾರದು. ಉಚಿತವಾದ ಲಿನಕ್ಸ್ ಇದೆ. ಕೌಂಟರ್-ಸ್ಟ್ರೈಕ್ 2 ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ. ವಿಂಡೋಸ್‌ಗೆಂದೇ ಮಾಡಿದ ಅನೇಕ ಆಟಗಳು, 2018ರಲ್ಲಿ ವಾಲ್ವ್ ಸಂಸ್ಥೆ ಬಿಡುಗಡೆ ಮಾಡಿದ ಪ್ರೋಟಾನ್ ನೆರವಿನಿಂದ ಅಲ್ಲಿ ನಡೆಯುತ್ತವೆ. ವ್ಯಾಲರೆಂಟ್‌ನಂಥ ಕೆಲವು ಆಟಗಳು ಮಾತ್ರ ಮೋಸತಡೆ ತಂತ್ರಾಂಶದ ಕಾರಣದಿಂದ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿರಬೇಕು. ಪ್ರೊಸೆಸರೇ ಕೊರತೆಯಾದಾಗ ಅದೇ ಸಾಕೆಟಿನ ಬಳಸಿದ ಐ7 ಸಿಕ್ಕರೆ, ಮದರ್‌ಬೋರ್ಡ್ ಅದನ್ನು ಒಪ್ಪಿದರೆ ಹಾಕಬಹುದು. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಬೇಕಾಗಿ ಬಂದರೆ ಅದು ದುರಸ್ತಿಯಲ್ಲ, ಹೊಸ ಯಂತ್ರವೇ. ಅಲ್ಲಿಗೆ ಕೈಬಿಟ್ಟು, ಇದ್ದ ಯಂತ್ರಕ್ಕೆ ಒಗ್ಗುವ ಆಟಗಳನ್ನು ಆಡುವುದು ವಿವೇಕ.

ಮಲೆನಾಡಿನವರಿಗೆ ಹರಿಹರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಹರಿಹರದ ದಡದಲ್ಲಿ ಹರಿಯುವುದು ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಕೂಡಿದ ತುಂಗೆ ಮತ್ತು ಭದ್ರೆಯರೇ. ಯಂತ್ರದೊಳಗಿನ ಲೋಹ ಯಾವುದೋ ಬೆಟ್ಟವನ್ನು ಬಗೆದು ತಂದದ್ದು. ಭದ್ರೆಯ ಜಲಾನಯನದ ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಬೆಟ್ಟ ಬಗೆಯುವುದೆಂದರೇನೆಂದು ಈ ಸೀಮೆ ಕಂಡಿದೆ. 2004ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯದ ಅಧ್ಯಯನದ ಪ್ರಕಾರ, 17 ಅಂಗುಲದ ಮಾನಿಟರ್ ಸಹಿತ ಒಂದು ಗಣಕಯಂತ್ರದ ತಯಾರಿಕೆಗೆ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ವ್ಯಯವಾಗುತ್ತಿತ್ತು. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿಸಿತು; ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಯಾದುದು ಅದರ 22.3 ಪ್ರತಿಶತ ಮಾತ್ರ. ತಾಮ್ರದಾಸೆಗೆ ತಂತಿ ಸುಟ್ಟರೆ ವಿಷದ ಹೊಗೆ ಏಳುತ್ತದೆ, ಬೂದಿ ಮಣ್ಣಿಗೂ ನೀರಿಗೂ ಸೇರುತ್ತದೆ.

ಆದುದರಿಂದ ತೆಗೆದ ಬಿಡಿಭಾಗವೂ ವ್ಯರ್ಥವಾಗಬಾರದು. ರ‍್ಯಾಮ್ ಇನ್ನೊಂದು ಮನೆಯ ಅಥವಾ ಶಾಲೆಯ ಯಂತ್ರಕ್ಕೆ ಆದೀತು. ಡಿಸ್ಕ್ ಕೊಡುವ ಮುನ್ನ ಒಳಗಿನ ಮಾಹಿತಿಯನ್ನು ಪೂರ್ತಿ ಅಳಿಸಬೇಕು. ನಿಜವಾಗಿ ಕೆಟ್ಟದ್ದನ್ನು ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ.

ಮಕ್ಕಳ ಆಟದಾಸೆಯನ್ನು ಹಿರಿಯರು ಹಗುರಾಗಿ ಕಾಣಬೇಕಿಲ್ಲ. ಕೊರತೆ ಎಲ್ಲಿದೆಯೆಂದು ಹುಡುಕಿ, ಲೆಕ್ಕ ಹಾಕಿ, ತನ್ನ ಕೈಯಿಂದಲೇ ಯಂತ್ರ ಬಿಚ್ಚಿ ಜೋಡಿಸಿದ ಹುಡುಗ ಅಥವಾ ಹುಡುಗಿ ಕಲಿತದ್ದು ಆಟಕ್ಕಿಂತ ದೊಡ್ಡದು. ನಾಳೆ ಮನೆಯ ಪಂಪ್‌ಸೆಟ್ ನಿಂತಾಗಲೂ ಆ ಮಗು ಹೊಸದನ್ನು ಕೇಳುವ ಮೊದಲು ಹಳೆಯದರೊಳಗೆ ಇಣುಕಿ ನೋಡುತ್ತದೆ.