ಹೊಸ ಕೈಗೆ ವಿಮಾನ ಕೊಟ್ಟಾಗ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಔಷಧಿ ಹೊಡೆಯಲು ಸಂಘ ಒಂದು ಡ್ರೋನ್ ತರಬೇಕೆಂದು ನಿಮ್ಮಲ್ಲಿ ಚರ್ಚೆ ನಡೆದಿದೆ. ಸಂತೋಷ. ಆದರೆ "ನಮ್ಮ ಹುಡುಗ ಒಬ್ಬ ನಾಲ್ಕು ದಿನದಲ್ಲಿ ಕಲಿತುಕೊಳ್ತಾನೆ ಬಿಡಿ" ಅಂತ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಅದಕ್ಕೇ ಇವತ್ತು ಔಷಧಿ ಹೊಡೆಯುವ ವಿಮಾನಗಳ ವಿಷಯ ಹೇಳುತ್ತೇನೆ.

ವಿಮಾನದಿಂದ ಮೊದಲು ಪುಡಿ ಉದುರಿಸಿದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಊರಿನ ಹತ್ತಿರ. ಕಂಬಳಿಹುಳು ಬಿದ್ದ ಮರಗಳ ತೋಪು ಅದು. ಹಾರಿಸಿದವರು ಜಾನ್ ಮ್ಯಾಕ್‌ರೆಡಿ. ಆ ಕಾಲದ ನುರಿತ ಸೇನಾ ಪೈಲಟ್. ಮೊದಲ ದಿನ ಅನುಭವಿಯ ಕೈಗೇ ಕೊಟ್ಟರು ಎಂಬುದನ್ನು ಗಮನಿಸಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ತರಬೇತಿ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಅವಕ್ಕೆ ಮದ್ದಿನ ತೊಟ್ಟಿ ಕೂರಿಸಿ ಹೊಲಗಳ ಮೇಲೆ ಹಾರಿಸಿದರು. ಅಪಘಾತಗಳೂ ಆದವು.

ಈ ಕೆಲಸದಲ್ಲಿ ಹೊಸಬ ಬೀಳುವುದು ಹೇಗೆ? ಬೆಳೆಯ ಮೇಲೆ ಹತ್ತು ಅಡಿ ಎತ್ತರದಲ್ಲಿ ಹಾರಬೇಕು. ಹೊಲದ ಕೊನೆಗೆ ಮರ, ಕರೆಂಟು ತಂತಿ. ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಮೇಲೆದ್ದು, ತಿರುಗಿ, ಮತ್ತೆ ಮುಂದಿನ ಸಾಲಿಗೆ ಬರಬೇಕು. ತುಂಬಿದ ಮೂಟೆಯ ಗಾಡಿಯನ್ನು ತಿರುವಿನಲ್ಲಿ ಜೋರಾಗಿ ಹೊಡೆದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ವಿಮಾನ 60 ಡಿಗ್ರಿ ವಾಲಿ, ಎತ್ತರ ಬಿಡದೆ ತಿರುಗಿದರೆ ರೆಕ್ಕೆಗಳು ಎರಡರಷ್ಟು ಭಾರ ಹೊರಬೇಕು. ಬೀಳದಿರಲು ಬೇಕಾದ ಕನಿಷ್ಠ ವೇಗವೂ ಶೇಕಡಾ 40ರಷ್ಟು ಏರುತ್ತದೆ. ಗಾಳಿ ಹಿಂದಿನಿಂದ ಬೀಸಿದರೆ ನೆಲ ಬೇಗ ಬೇಗ ಓಡಿದಂತೆ ಕಾಣುತ್ತದೆ. 'ವೇಗ ಸಾಕು' ಅಂತ ಹೊಸಬ ನಂಬಿಬಿಡುತ್ತಾನೆ. ರೆಕ್ಕೆ ಹಿಡಿತ ತಪ್ಪುತ್ತದೆ. ಸರಿಪಡಿಸಿಕೊಳ್ಳಲು ಕೆಳಗೆ ಎತ್ತರವೇ ಇಲ್ಲ.

ಆಗ ಒಂದು ಉಪಾಯ ಉಂಟು. ಹಿಡಿ ಎಳೆದರೆ ತೊಟ್ಟಿಯ ಮದ್ದು ಕೆಲವೇ ಕ್ಷಣಗಳಲ್ಲಿ ಕೆಳಗೆ ಸುರಿದು ವಿಮಾನ ಹಗುರವಾಗುತ್ತದೆ. ಅನುಭವಿ ಯೋಚಿಸದೆ ಎಳೆಯುತ್ತಾನೆ. ಹೊಸಬನಿಗೆ ಒಂದು ಕ್ಷಣ 'ಇಷ್ಟು ಮದ್ದು ಹಾಳಾದರೆ ಯಜಮಾನರು ಏನಂದಾರು' ಎಂಬ ಅಂಜಿಕೆ ಬಂದರೂ ಸಾಕು, ಕೈ ತಡೆಯುತ್ತದೆ. ಆ ಕ್ಷಣದಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾದರೆ ತಪ್ಪು ಯಾರದು ಹೇಳಿ? ಹುಡುಗನದೋ, ಆ ಅಂಜಿಕೆ ಹುಟ್ಟಿಸಿದವರದೋ?

1950ರಲ್ಲಿ ಟೆಕ್ಸಾಸಿನಲ್ಲಿ ಫ್ರೆಡ್ ವೈಕ್ ಎಂಬ ಎಂಜಿನಿಯರು ಈ ಕೆಲಸಕ್ಕೆಂದೇ ಒಂದು ವಿಮಾನ ರೂಪಿಸಿದರು. ಪೈಲಟ್ ಎತ್ತರದಲ್ಲಿ ಕೂತು ಮುಂದಿನದನ್ನು ಚೆನ್ನಾಗಿ ನೋಡಬಹುದು. ಬಿದ್ದರೂ ಜೀವ ಉಳಿಯಲೆಂದು ಗಟ್ಟಿ ಪಟ್ಟಿ, ಗಟ್ಟಿ ಚೌಕಟ್ಟು. ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕೂಡ 'ಬಸಂತ್' ಎಂಬ ಕೃಷಿ ವಿಮಾನ ಮಾಡಿತ್ತು. ಅದರ ಸುಧಾರಿತ ಮಾದರಿ ಹಾರಿದ್ದು 1972ರಲ್ಲಿ. ಒಬ್ಬನೇ ಕೂರುವ ವಿಮಾನ ಅದು. ಬಾವಿಯಲ್ಲಿ ಈಜು ಕಲಿಸುವಾಗ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಒಬ್ಬರು ಹಿಡಿದಿರುತ್ತಿದ್ದರಲ್ಲ. ಒಂಟಿ ಆಸನದಲ್ಲಿ ಆ ಹಗ್ಗ ಹಿಡಿಯುವವರಿಲ್ಲ. ಆದ್ದರಿಂದ ಹಗ್ಗ ಬಿಚ್ಚುವ ಮೊದಲೇ ಕಲಿಕೆ ಮುಗಿದಿರಬೇಕು.

ಡ್ರೋನಿನಲ್ಲಿ ಯಾರೂ ಕೂರುವುದಿಲ್ಲ, ನಿಜ. ಆದರೆ ಅದೇ ತಂತಿ, ಅದೇ ಗಾಳಿ, ಅದೇ ವಿಷ. ಗಾಳಿಗೆ ತೇಲಿದ ಮದ್ದು ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ರೇಷ್ಮೆಹುಳು ಸಾಯುತ್ತದೆ, ನೆರೆಯವರ ಮನೆ ಮುರಿಯುತ್ತದೆ. ಡ್ರೋನ್ ನಿಯಮಗಳು 2021ರಲ್ಲೇ ಬಂದಿವೆ. ಮಾನ್ಯತೆ ಪಡೆದ ಕಡೆ ತರಬೇತಿಯಾಗಿ ಪ್ರಮಾಣಪತ್ರ ಪಡೆದವರ ಕೈಗೇ ಯಂತ್ರ ಕೊಡಿ. ಪ್ರಮಾಣಪತ್ರ ಬಂದ ಮೇಲೂ ಕೆಲವು ದಿನ ಬರೀ ನೀರು ತುಂಬಿಸಿ ಬಯಲಿನಲ್ಲಿ ಹಾರಿಸಲಿ. ಮೈಮೇಲೆ ಮದ್ದು ಚೆಲ್ಲಿದರೆ ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ತೊಳೆದು, ಡಬ್ಬಿಯ ಚೀಟಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಮುಟ್ಟುವವರು ಕೈಗವಸು ಹಾಕಿಕೊಳ್ಳಿ.

ಕೊನೆಗೆ ಆಡಳಿತ ಮಂಡಳಿಗೆ ಒಂದು ಮಾತು. "ಇವತ್ತು ಗಾಳಿ ಜಾಸ್ತಿ, ಹಾರಿಸೋದಿಲ್ಲ" ಅಂತ ಆ ಹುಡುಗನೋ ಹುಡುಗಿಯೋ ಹೇಳಿದರೆ ಬೈಯಬೇಡಿ. ಒಂದು ತೊಟ್ಟಿ ಮದ್ದು ಹೋದರೆ ನಷ್ಟದ ಖಾತೆಗೆ ಬರೆದುಬಿಡಿ. 'ಬೇಡ' ಅನ್ನುವ ಧೈರ್ಯವನ್ನು ಸಂಘವೇ ಅವರಿಗೆ ಕೊಡಲಿ.